‘ಗೆಟ್’ ಒಂದೇ, ಅರ್ಥ ಹಲವು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಇಂಗ್ಲಿಷಿನ ‘ಗೆಟ್’ ಕ್ರಿಯಾಪದಕ್ಕೆ ನಿಘಂಟಿನಲ್ಲಿ ಪುಟಗಟ್ಟಲೆ ಅರ್ಥಗಳಿವೆ. ಎಲ್ಲಿ ಯಾವ ಅರ್ಥ ಎಂದು ತಿಳಿಯುವುದು ಹೇಗೆ?

ಉತ್ತರ: ಅರ್ಥಗಳನ್ನು ಬಾಯಿಪಾಠ ಮಾಡಬೇಡಿ, ಅದರ ನಂತರ ಬರುವ ಪದವನ್ನು ನೋಡಿ. ನಾಮಪದ ಬಂದರೆ ಸಾಮಾನ್ಯವಾಗಿ ‘ಸಿಗು, ಪಡೆ, ತರು’: ‘ಐ ಗಾಟ್ ಎ ಲೆಟರ್’, ನನಗೊಂದು ಪತ್ರ ಬಂತು. ಗುಣವಾಚಕ ಬಂದರೆ ‘ಆಗು’: ‘ಇಟ್ ಈಸ್ ಗೆಟಿಂಗ್ ಡಾರ್ಕ್’, ಕತ್ತಲಾಗುತ್ತಿದೆ. ಸ್ಥಳ ಬಂದರೆ ‘ತಲುಪು’. ‘ಗೆಟ್ ಟು ದ ಆಫೀಸ್’ ಸರಿ, ಆದರೆ ‘ಗೆಟ್ ಟು ಹೋಮ್’ ತಪ್ಪು. ಹೋಮ್, ಹಿಯರ್, ದೇರ್ ಪದಗಳಿಗೆ ‘ಟು’ ಬೇಡ. ಬಸ್ಸು, ರೈಲು ಹತ್ತಲು ‘ಗೆಟ್ ಆನ್’, ಇಳಿಯಲು ‘ಗೆಟ್ ಆಫ್’. ಕಾರು, ಟ್ಯಾಕ್ಸಿಗಾದರೆ ‘ಗೆಟ್ ಇನ್’, ‘ಗೆಟ್ ಔಟ್’.

ಪ್ರಶ್ನೆ: ‘ಐ ಗಾಟ್ ರಿಪೇರ್ಡ್ ಮೈ ಫೋನ್’ ಏಕೆ ತಪ್ಪು?

ಉತ್ತರ: ಪದಗಳ ಕ್ರಮ ತಪ್ಪಿದೆ. ಕನ್ನಡದ ‘ರಿಪೇರಿ ಮಾಡಿಸಿದೆ’ ಒಡೆಯದೆ ಒಟ್ಟಿಗೇ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ‘ಗಾಟ್’ ಮತ್ತು ‘ರಿಪೇರ್ಡ್’ ಬೇರೆಯಾಗಿ, ವಸ್ತು ನಡುವೆ ಕೂರಬೇಕು: ‘ಐ ಗಾಟ್ ಮೈ ಫೋನ್ ರಿಪೇರ್ಡ್’. ಕೊನೆಯಲ್ಲಿರುವುದು ಕ್ರಿಯಾಪದದ ಮೂರನೇ ರೂಪ.

ಇದಕ್ಕಿಂತ ಹೆಚ್ಚು ಕಾಣುವ ತಪ್ಪು, ‘ಗೆಟ್’ ಅನ್ನೇ ಬಿಟ್ಟುಬಿಡುವುದು. ‘ಐ ಕಟ್ ಮೈ ಹೇರ್’ ಎಂದರೆ ಕತ್ತರಿ ನಿಮ್ಮ ಕೈಯಲ್ಲೇ ಇತ್ತು ಎಂದಾಗುತ್ತದೆ. ಬೇರೆಯವರು ಕತ್ತರಿಸಿದ್ದರೆ ‘ಐ ಗಾಟ್ ಮೈ ಹೇರ್ ಕಟ್’. ಹೊಲಿದೆ ಬೇರೆ, ಹೊಲಿಸಿದೆ ಬೇರೆ ಎಂಬುದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮನಸ್ಸಿಗೆ ಬಂದ ಕನ್ನಡ ಕ್ರಿಯಾಪದದಲ್ಲಿ ‘ಮಾಡಿಸು, ಬರೆಸು, ತೊಳೆಸು’ ಎಂಬಂಥ ರೂಪ ಇದ್ದರೆ ಇಂಗ್ಲಿಷಿನಲ್ಲಿ ‘ಗೆಟ್’ ಬೇಕೇ ಎಂದು ನೋಡಿ.

ಯಾರಿಂದ ಮಾಡಿಸಿದ್ದು ಎಂದು ಹೇಳುವಾಗ ವ್ಯಕ್ತಿಯ ನಂತರ ‘ಟು’ ಕಡ್ಡಾಯ: ‘ಐ ಗಾಟ್ ಹಿಮ್ ಟು ಸೈನ್’. ಹೇಳಿ, ಒಪ್ಪಿಸಿ ಸಹಿ ಹಾಕಿಸಿದ ಛಾಯೆ ಇದಕ್ಕಿದೆ. ಬಲವಂತವಾಗಿದ್ದರೆ ‘ಐ ಮೇಡ್ ಹಿಮ್ ಸೈನ್’. ಅಲ್ಲಿ ‘ಟು’ ಇಲ್ಲ.

ಪ್ರಶ್ನೆ: ‘ಐ ಆಮ್ ನಾಟ್ ಗೆಟಿಂಗ್ ಯು’ ಎನ್ನಬಹುದೇ?

ಉತ್ತರ: ‘ಅರ್ಥವಾಗುತ್ತಿಲ್ಲ’ ಎಂಬುದರ ‘-ಉತ್ತ’ವನ್ನು ಇಂಗ್ಲಿಷಿಗೆ ‘-ಇಂಗ್’ ಆಗಿ ಹಾಗೇ ಒಯ್ದದ್ದರಿಂದ ಬಂದ ವಾಕ್ಯವಿದು. ಭಾರತದಲ್ಲಿ ಕೇಳಿದವರಿಗೆ ತಿಳಿಯುತ್ತದೆ, ಆದರೂ ‘ಐ ಡೋಂಟ್ ಗೆಟ್ ಇಟ್’ ಎನ್ನುವುದೇ ವಾಡಿಕೆ. ಅದೂ ಆಪ್ತರ ನಡುವೆ. ಕಚೇರಿಯ ಪತ್ರದಲ್ಲಿ ‘ಅಂಡರ್‌ಸ್ಟ್ಯಾಂಡ್’ ಬಳಸಿ. ‘ಪಡೆ’ ಎಂಬಲ್ಲಿಯೂ ‘ರಿಸೀವ್’ ಹೆಚ್ಚು ಹೊಂದುತ್ತದೆ.