ಚಿಕ್ಕವನಿದ್ದಾಗ ಸೀರಿಯಲ್‌ನಲ್ಲಿ ಹೆಸರು ಮಾಡಿದ್ದೆ, ಈಗ 18 ವರ್ಷ. ಮತ್ತೆ ಬೆಂಗಳೂರಿಗೆ ಹೋಗಲಾ, ಶಿವಮೊಗ್ಗದಲ್ಲೇ ಡಿಗ್ರಿ ಮುಗಿಸಲಾ?

ಬೆಂಗಳೂರಾ ಡಿಗ್ರಿಯಾ ಅನ್ನುವ ನಿನ್ನ ಪ್ರಶ್ನೆ ಓದಿ ಮುಂದೆ ಹೋದೆ. ನಾನು ನಿಂತಿದ್ದು ನಿನ್ನ ಪ್ರಶ್ನೆಯ ಕೆಳಗಡೆ ಇರುವ ಒಂದು ಸಾಲಿನಲ್ಲಿ. 'ಜನ ಗುರುತು ಹಿಡಿಯಲಿ ಅಂತ ಈಗಲೂ ಅದೇ ಹೇರ್‌ಸ್ಟೈಲ್ ಇಟ್ಟಿದ್ದೇನೆ, ಗಡ್ಡ ಬಿಟ್ಟಿಲ್ಲ' ಅಂತ ಬರೆದಿದ್ದೀಯಲ್ಲ, ಅಲ್ಲಿ. ನನಗಿಂತ ತುಂಬ ಚಿಕ್ಕವನು, ನೀನು ಅಂತಲೇ ಕರೆಯುತ್ತೇನೆ, ಬೇಜಾರು ಮಾಡ್ಕೋಬೇಡ. ನೀನು ಕೂದಲು ಹಿಡಿದಿಟ್ಟುಕೊಂಡ ಹಾಗೆ ನಾನು ದನಿ ಹಿಡಿದಿಟ್ಟುಕೊಂಡಿದ್ದೆ.

ನನ್ನದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಎರಡೆಕರೆ ಅಡಿಕೆ ತೋಟ. 2002ರಲ್ಲಿ, ಮಳೆಗಾಲ ಮುಗಿದ ಮೇಲೆ, ಒಂದು ಸೀರಿಯಲ್‌ನವರು ಹಳೇ ಕಾಲದ ಮನೆ ಹುಡುಕುತ್ತಾ ನಮ್ಮೂರಿಗೆ ಬಂದರು. ಮನೆ ಯಜಮಾನನ ಮೊಮ್ಮಗನ ಪಾತ್ರಕ್ಕೆ ಬೆಂಗಳೂರಿಂದ ಕರೆತಂದ ಹುಡುಗನಿಗೆ ಎರಡನೇ ದಿನಕ್ಕೇ ಜ್ವರ. ಪಾಗಾರದ ಮೇಲೆ ಕೂತು ಶೂಟಿಂಗ್ ನೋಡುತ್ತಿದ್ದ ನನ್ನನ್ನು ಇಳಿಸಿ ಅವನ ಅಂಗಿ ಹಾಕಿಸಿದರು. ನನಗೆ 9 ವರ್ಷ. ಅಂಗಿ ಸರಿಯಾಗಿ ಹಿಡಿಸಿತು. ನನ್ನ ಕೆರಿಯರ್ ಶುರುವಾಗಿದ್ದು ಹಾಗೆ, ಅಂಗಿ ಅಳತೆಯಿಂದ.

ಊರಲ್ಲಿ ಎಲ್ಲರ ಬಾಯಲ್ಲೂ 'ಇನ್ನೊಬ್ಬ ಸ್ವಾಮಿ' ಅನ್ನೋ ಮಾತು. ಆಗುಂಬೆ ದೊಡ್ಡಮನೆಯಲ್ಲಿ ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೆದು ಅಷ್ಟು ವರ್ಷ ಆಗಿದ್ದರೂ, ನಮ್ಮ ಕಡೆ ಯಾವ ಹುಡುಗ ಕ್ಯಾಮೆರಾ ಮುಂದೆ ನಿಂತರೂ ಅವನನ್ನು ಅಳೆಯುವುದು ಅದೇ ಸೇರಿನಲ್ಲಿ. ಸ್ವಾಮಿ ಆಗಿದ್ದ ಮಾಸ್ಟರ್ ಮಂಜುನಾಥ್ ಆಮೇಲೆ ನಟನೆ ಬಿಟ್ಟು, ಓದಿ, ಬೇರೆ ಕೆಲಸ ಹಿಡಿದರು ಅನ್ನೋದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಹತ್ತು ಎಪಿಸೋಡ್ ಆದ ಮೇಲೆ ಕಥೆ ಬೆಂಗಳೂರಿಗೆ ಹೋಯಿತು, ನಾನೂ ಹೋದೆ. ತಿಂಗಳಲ್ಲಿ ಹದಿನೈದು ದಿನ ಅಮ್ಮನ ಜೊತೆ ಚಿಕ್ಕಮ್ಮನ ಮನೆಯಲ್ಲಿ. ರಾತ್ರಿ ಬಸ್ಸು, ಬೆಳಗ್ಗೆ ಮೆಜೆಸ್ಟಿಕ್, ಅಲ್ಲಿಂದ ಸೀದಾ ಶೂಟಿಂಗ್ ಮನೆ. ನಿನಗೆ ಇದೆಲ್ಲ ಗೊತ್ತೇ ಇದೆ. ದಿನದಲ್ಲಿ ಮುಕ್ಕಾಲು ಪಾಲು ಕಾಯುವುದು, ಉಳಿದ ಕಾಲು ಪಾಲು ಅಳುವುದು. ಗ್ಲಿಸರಿನ್ ಉರಿ ನೆನಪಿದೆ ತಾನೇ?

ಮೂರೂವರೆ ವರ್ಷ ಚೆನ್ನಾಗೇ ನಡೆಯಿತು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಮ್ಮ ಸೀರೆ ತೆಗೆಯಲು ಹೋದರೆ ಅಂಗಡಿಯವರು ನನ್ನನ್ನು ಎತ್ತಿ ಕೌಂಟರ್ ಮೇಲೆ ಕೂರಿಸುತ್ತಿದ್ದರು. ಪಾತ್ರದ ಹೆಸರು ಚಿಂಟು. ಶಾಲೆಯ ಮೇಷ್ಟ್ರೂ ಚಿಂಟು ಅಂತಲೇ ಹಾಜರಿ ಕರೆದರು, ಒಂದು ದಿನ ತಮಾಷೆಗೆ, ಆಮೇಲೆ ಅಭ್ಯಾಸಕ್ಕೆ.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

2006ರಲ್ಲಿ ನನಗೆ 13. ಒಂದು ರಾತ್ರಿ ಡಬ್ಬಿಂಗ್ ನಡೆಯುತ್ತಿತ್ತು. 'ತಾತಾ, ನಾನು ಹೋಗಲ್ಲ' ಅನ್ನಬೇಕು. 'ತಾತಾ' ಅನ್ನೋದು ಸರಿಯಾಗಿ ಬಂತು, 'ಹೋಗಲ್ಲ' ಅನ್ನೋದು ಒಡೆದ ಕೊಳಲಿನ ಹಾಗೆ ಎರಡಾಗಿ ಬಂತು. ಗಾಜಿನ ಆಚೆಯಿಂದ ಸೌಂಡ್ ಎಂಜಿನಿಯರ್ 'ಏನೋ, ನೆಗಡಿನಾ?' ಅಂದರು. ಹೌದು ಅಂದೆ. ಅಮ್ಮ ಕಾಳುಮೆಣಸಿನ ಕಷಾಯ ಮಾಡಿಕೊಟ್ಟರು. ಮೂರು ದಿನ ಬಿಟ್ಟು ಮ್ಯಾನೇಜರ್ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: 'ಹುಡುಗನ ದನಿ ಹೋಗ್ತಾ ಇದೆ ಸಾರ್, ಲೀಪ್ ಬೇಗ ಮಾಡೋಣ.' ಲೀಪ್ ಅಂದರೆ ಏನು ಅಂತ ನಿನಗೆ ಹೇಳಬೇಕಿಲ್ಲ. 'ಕೆಲವು ವರ್ಷಗಳ ನಂತರ' ಅಂತ ಅಕ್ಷರ ಬರುತ್ತೆ, ಹುಡುಗ ಮನೆಗೆ ಹೋಗುತ್ತಾನೆ.

ಅವತ್ತೇ ಚಿಕ್ಕಮ್ಮನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಪ್ರಾಕ್ಟೀಸ್ ಶುರು ಮಾಡಿದೆ. ಗಲ್ಲ ಸ್ವಲ್ಪ ಮೇಲೆತ್ತಬೇಕು. ಎಂಜಲು ನುಂಗುವಾಗ ಗಂಟಲಿನ ಗಂಟು ಮೇಲೆ ಹೋಗುತ್ತಲ್ಲ, ಅದನ್ನು ಅಲ್ಲೇ ತಡೆದು ಹಿಡಿಯಬೇಕು. ಹಾಗೇ ಮಾತಾಡಿದರೆ ಹಳೇ ದನಿ ಬರುತ್ತೆ. ಮೊದಮೊದಲು ಎರಡು ಸಾಲಿಗೇ ಕುತ್ತಿಗೆ ನೋಯುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಇಡೀ ಎಪಿಸೋಡ್ ಹಾಗೇ ಮಾತಾಡುತ್ತಿದ್ದೆ. ಆಮೇಲೆ ಸೆಟ್ಟಿನ ಹೊರಗೂ ಅದೇ ದನಿ, ಯಾರಾದರೂ ಕೇಳಿಸಿಕೊಂಡರೆ ಅನ್ನುವ ಭಯ. ಊರಿಗೆ ಹೋದಾಗಲೂ ಅದೇ. ದನ ಅಟ್ಟುವಾಗಲೂ ಅದೇ.

ಆ ವಯಸ್ಸಿನಲ್ಲಿ ಹುಡುಗರಿಗೆ ಗಂಟಲಿನ ಪೆಟ್ಟಿಗೆ ದೊಡ್ಡದಾಗಿ ಸ್ವಲ್ಪ ಕೆಳಗೆ ಇಳಿಯುತ್ತೆ. ಒಳಗಿನ ಧ್ವನಿತಂತುಗಳು ಉದ್ದ ಆಗುತ್ತವೆ, ದಪ್ಪ ಆಗುತ್ತವೆ. ದನಿ ಸುಮಾರು ಒಂದು ಸ್ಥಾಯಿ ಕೆಳಕ್ಕೆ ಬೀಳುತ್ತೆ, ಹಾರ್ಮೋನಿಯಂನಲ್ಲಿ ಮೇಲಿನ ಸ ಬಿಟ್ಟು ಕೆಳಗಿನ ಸ ಹಿಡಿದ ಹಾಗೆ. ಕೆಲವು ತಿಂಗಳು ಒಡೆದೊಡೆದು, ಆಮೇಲೆ ಅಲ್ಲೇ ಕೂರುತ್ತೆ. ನಾನು ಕೂರಲು ಬಿಡಲಿಲ್ಲ. ಹನ್ನೊಂದು ತಿಂಗಳು ಅದನ್ನು ಕತ್ತು ಹಿಡಿದು ಮೇಲೆ ಎಳೆದೆ. ಯಾರಿಗೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಹೇಳಿದ್ದರೆ ಆ ಸೌಂಡ್ ಎಂಜಿನಿಯರ್ರೇ ಬೇರೆ ಹುಡುಗನ ಹತ್ತಿರ ಡಬ್ ಮಾಡಿಸಿ ಸುಮ್ಮನಾಗುತ್ತಿದ್ದರು. ಅದೇನು ದೊಡ್ಡ ವಿಷಯ? ನನಗೆ ಮಾತ್ರ ನನ್ನ ದನಿ ಹೋದರೆ ಚಿಂಟು ಹೋದ, ಚಿಂಟು ಹೋದರೆ ನಾನು ಹೋದೆ ಅಂತ.

ಲೀಪ್ ಹೇಗೂ ಆಯಿತು. ಕೊನೇ ದಿನ ನನ್ನಿಂದ ತೆಗೆಸಿದ್ದು ಒಂದೇ ಶಾಟ್: ರಸ್ತೆಯಲ್ಲಿ ಓಡುವ ಕಾಲು. ಮುಖ ಇಲ್ಲ, ಮಂಡಿಯಿಂದ ಕೆಳಗೆ ಅಷ್ಟೇ. ಅದೇ ಕಾಲು ಓಡುತ್ತಾ ಓಡುತ್ತಾ ಹೀರೋ ಕಾಲಾಗುತ್ತೆ. ಮೂರು ಟೇಕ್ ಓಡಿದೆ. ಕಾಸ್ಟ್ಯೂಮ್ ಅಣ್ಣ ಬಂದು 'ಶೂ ಬಿಚ್ಚೋ ಪುಟ್ಟ, ಅವರ ಶೂಗೆ ಇದರ ಥರಾನೇ ಪಟ್ಟಿ ಹಚ್ಚಬೇಕು' ಅಂದ. ವಾಪಸ್ ಹೋಗುವಾಗ ಅಮ್ಮನ ಹವಾಯಿ ಚಪ್ಪಲಿ ನನಗೆ, ಅಮ್ಮ ಬರಿಗಾಲು. ನನ್ನ ಚಪ್ಪಲಿ ಊರಲ್ಲೇ ಮರೆತು ಬಂದಿದ್ದೆವು.

ಊರಿಗೆ ಬಂದ ಮೇಲೆ ದನಿ ಬಿಡೋಣ ಅಂತ ನೋಡಿದೆ. ಬರಲಿಲ್ಲ. ಗಂಟಲು ಅದನ್ನೇ ಕಲಿತುಬಿಟ್ಟಿತ್ತು.

ಹೈಸ್ಕೂಲ್ ಹೇಗೋ ಕಳೆಯಿತು. ಪಿಯುಸಿಯಲ್ಲಿ ಹಾಜರಿ ಕರೆದಾಗ 'ಎಸ್ ಸಾರ್' ಅಂದರೆ ಇಡೀ ಕ್ಲಾಸು ತಿರುಗಿ ನೋಡುತ್ತಿತ್ತು. ಹಾಗಾಗಿ ಹೇಳುವುದನ್ನೇ ಬಿಟ್ಟೆ. ದಿನಾ ಮೂರನೇ ಬೆಂಚಿನಲ್ಲಿ ಕೂತಿದ್ದೇನೆ, ಪುಸ್ತಕದಲ್ಲಿ ಮಾತ್ರ ಗೈರು. ವರ್ಷದ ಕೊನೆಗೆ 75 ಪರ್ಸೆಂಟ್ ಹಾಜರಿ ಇಲ್ಲ ಅಂತ ಪರೀಕ್ಷೆಗೆ ಕೂರಿಸಲಿಲ್ಲ. ಕಾಲೇಜಿನವರ ತಪ್ಪಲ್ಲ. ಅಪ್ಪಯ್ಯ 'ಕ್ಲಾಸಿಗೆ ಹೋಗದೆ ಎಲ್ಲಿಗೆ ಹೋಗ್ತಿದ್ದೆ?' ಅಂತ ಕೇಳಿದರು. ಅಲ್ಲೇ ಇದ್ದೆ ಅಂದರೆ ನಂಬಲಿಲ್ಲ.

ನೀನು ಈಗ ಯೋಚಿಸುತ್ತಿರುವುದನ್ನೂ ಮಾಡಿ ನೋಡಿದ್ದೇನೆ. 18ಕ್ಕೆ ಬೆಂಗಳೂರು, ಆರು ತಿಂಗಳು, ಫೈಲಿನಲ್ಲಿ ಚಿಂಟು ಫೋಟೋಗಳು. ಒಂದು ಆಡಿಷನ್‌ನಲ್ಲಿ ಗುರುತು ಹಿಡಿದು ಕುರ್ಚಿ ಹಾಕಿ ಕೂರಿಸಿದರು. 'ಆ ತಾತನ ಡೈಲಾಗ್ ಹೇಳೋ' ಅಂದರು. ಹೇಳಿದೆ. ಅದೇ ದನಿ, ಮೀಸೆ ಬಂದ ಮುಖದಿಂದ. ಮೊದಲು ನಕ್ಕರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೀ ಕೊಟ್ಟು ಕಳಿಸಿದರು.

ತೋಟಕ್ಕೆ ವಾಪಸ್. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಮರ ಹತ್ತುವವರಿಗೆ ಫೋನ್ ಮಾಡಿದರೆ ಆ ಕಡೆಯಿಂದ 'ಮನೇಲಿ ಗಂಡಸರಿದ್ರೆ ಫೋನ್ ಕೊಡಮ್ಮ' ಅನ್ನುತ್ತಿದ್ದರು. ನಾನು ಸುಮ್ನೆ ಅಪ್ಪಯ್ಯನಿಗೆ ಕೊಡುತ್ತಿದ್ದೆ.

20 ಆದಾಗ ಹೆಗ್ಗೋಡಿಗೆ ಹೋಗಿದ್ದೆ, ಗೆಳೆಯನ ಜೊತೆ, ನೀನಾಸಂನಲ್ಲಿ ನಾಟಕ ನೋಡಲು. ಊಟದ ಸಾಲಿನಲ್ಲಿ ಕೂತಾಗ ಸಾರಿನ ಖಾರ ನೆತ್ತಿಗೆ ಹತ್ತಿ ಜೋರಾಗಿ ಕೆಮ್ಮಿದೆ. ಪಕ್ಕದಲ್ಲಿದ್ದವರು ವಯಸ್ಸಾದ ನಟರು, ನೀರು ಕೊಟ್ಟು ಮಾತಾಡಿಸಿದರು. ನಾನು ಎರಡು ಮಾತಾಡಿದ ಮೇಲೆ ಲೋಟ ಕೆಳಗಿಟ್ಟು ಹೇಳಿದರು: 'ನಿನ್ನ ಕೆಮ್ಮು ಗಂಡಸಿನದು. ಮಾತು ಯಾರದ್ದು ಮಾರಾಯ?'

ಏಳು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ನಗದೆ ಕೇಳಿದ್ದಂತೂ ಅವರೊಬ್ಬರೇ. ಮೈಸೂರಿಗೆ ಹೋಗು ಅಂದರು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಇದಕ್ಕೆ ಪ್ಯೂಬರ್‌ಫೋನಿಯಾ ಅಂತ ಹೆಸರೇ ಇತ್ತು! ಹೆಸರಿದೆ ಅಂತ ಗೊತ್ತಾದ ದಿನವೇ ಅರ್ಧ ಗುಣ. ಆಪರೇಷನ್ ಇಲ್ಲ, ಮಾತ್ರೆ ಇಲ್ಲ. ಅಲ್ಲಿನ ಥೆರಪಿಸ್ಟ್ ಮೇಡಂ ಎರಡು ಬೆರಳಿನಿಂದ ನನ್ನ ಗಂಟಲಿನ ಗಂಟನ್ನು ಮೆಲ್ಲಗೆ ಕೆಳಗೆ ಒತ್ತಿ 'ಕೆಮ್ಮಿ' ಅಂದರು. ಕೆಮ್ಮಿದೆ. 'ಆ ಕೆಮ್ಮನ್ನೇ ಆ ಅಂತ ಎಳೀರಿ.' ಎಳೆದೆ. ಕೋಣೆಯಲ್ಲಿ ಇನ್ಯಾರೋ ಮಾತಾಡಿದ ಹಾಗಾಯಿತು. ಹೆದರಿ ನಿಲ್ಲಿಸಿಬಿಟ್ಟೆ.

ದನಿ ಬಂದಿದ್ದು ಒಂದೇ ದಿನಕ್ಕೆ, ನಿಂತಿದ್ದು ಕೆಲವು ವಾರಕ್ಕೆ. ಮೂರನೇ ದಿನ ಧೈರ್ಯ ಮಾಡಿ ಮೈಸೂರಿನ ಒಂದು ಕಾಯಿನ್ ಬೂತಿನಿಂದ ಮನೆಗೆ ಫೋನ್ ಮಾಡಿ 'ಅಮ್ಮಾ' ಅಂದೆ. ಅಮ್ಮ ತುಂಬ ಮರ್ಯಾದೆಯಿಂದ 'ಅವನು ಮನೆಯಲ್ಲಿಲ್ಲ, ಮೈಸೂರಿಗೆ ಹೋಗಿದಾನೆ. ತಾವು ಯಾರು?' ಅಂದರು.

ಈಗ ನಿನ್ನ ಪ್ರಶ್ನೆ. ಕಮ್‌ಬ್ಯಾಕ್ ಅಂತ ಬರೆದಿದ್ದೀಯ. ವಾಪಸ್ ಹೋಗೋದು ಯಾರು? ಅಲ್ಲಿ ಕೆಲಸ ಮಾಡಿದವನು ಹತ್ತು ವರ್ಷದ ಹುಡುಗ, ಅವನು ಈಗ ಇಲ್ಲ. ಅವನಿಗೆ ನಟನೆ ಬರುತ್ತಿತ್ತು ಅಂತಲೂ ನಾನು ಒಪ್ಪಲ್ಲ. ನನಗಂತೂ ಬರುತ್ತಿರಲಿಲ್ಲ. ಕ್ಯಾಮೆರಾ ಪಕ್ಕ ಕೂತ ಅಸಿಸ್ಟೆಂಟ್ ಡೈರೆಕ್ಟರ್ ಪ್ರಾಂಪ್ಟ್ ಮಾಡಿದ್ದನ್ನು ಗಿಳಿಯ ಹಾಗೆ ಒಪ್ಪಿಸುತ್ತಿದ್ದೆ. ಮುದ್ದಾಗಿದ್ದೆ, ಅಷ್ಟೇ. ಜನ ಮುದ್ದು ಮಾಡಿದರು, ನಾವು ಅದನ್ನು ಕೆಲಸ ಅಂದುಕೊಂಡೆವು.

'ಅಪ್ಪು ಸಾರ್ ಬಾಲನಟನಾಗಿ ಬಂದು ಹೀರೋ ಆಗಲಿಲ್ವಾ' ಅಂತಲೂ ಕೇಳಿದ್ದೀಯ. ಆದರು. 'ಬೆಟ್ಟದ ಹೂವು' 1985, ಅದಕ್ಕೆ ರಾಷ್ಟ್ರಪ್ರಶಸ್ತಿ. ಹೀರೋ ಆಗಿ ಬಂದಿದ್ದು 2002ರಲ್ಲಿ, ಆ ಸಿನಿಮಾಕ್ಕೆ ದುಡ್ಡು ಹಾಕಿದ್ದು ಅವರ ತಾಯಿ. ನಡುವೆ ಹತ್ತು ವರ್ಷಕ್ಕೂ ಜಾಸ್ತಿ ಅವರು ಪರದೆಯಿಂದ ದೂರವೇ ಇದ್ದರು. ಬಂದಾಗ ಹಳೇ ಹುಡುಗನ ಹೇರ್‌ಸ್ಟೈಲ್‌ನಲ್ಲಿ ಬರಲಿಲ್ಲ, ಡ್ಯಾನ್ಸು ಫೈಟು ಕಲಿತ ಬೇರೆಯೇ ಮನುಷ್ಯ ಬಂದರು. ನನ್ನ ನಿನ್ನ ಮನೆಯಲ್ಲಿ ಸಿನಿಮಾ ಕಂಪನಿ ಇಲ್ಲ. ಆ ಉದಾಹರಣೆ ಬಿಟ್ಟುಬಿಡು.

ಡಿಗ್ರಿ ಮುಗಿಸು. ಅದು ದೊಡ್ಡ ಸಾಧನೆ ಅಂತಲ್ಲ, ಹೇಗೂ ಸೇರಿದ್ದೀಯ, ಹಾಜರಿಗೆ 'ಎಸ್ ಸಾರ್' ಅನ್ನು ಸಾಕು. ನಟನೆ ನಿಜವಾಗಲೂ ಬೇಕು ಅನ್ನಿಸಿದರೆ ಶಿವಮೊಗ್ಗದಲ್ಲೇ ಹವ್ಯಾಸಿ ತಂಡಗಳಿವೆ, ಸಂಜೆ ರಿಹರ್ಸಲ್ ಮಾಡುತ್ತಾರೆ. ರಂಗಾಯಣ ಇದೆ. ಹೆಗ್ಗೋಡು ದೂರವೇನಲ್ಲ. ಹೋಗಿ, ಸೀರಿಯಲ್ ವಿಷಯ ಎತ್ತದೆ, ಒಬ್ಬ ಮುದುಕನ ಪಾತ್ರ ಕೇಳು. ಇಲ್ಲ ಅಂದರೆ ಗುಂಪಿನಲ್ಲಿ ನಿಲ್ಲು. ಯಾರೂ ಗುರುತು ಹಿಡಿಯದ ಪಾತ್ರ ಮಾಡಿ ಎರಡು ವರ್ಷ ಆದ ಮೇಲೂ ಇದೇ ಬೇಕು ಅನ್ನಿಸಿದರೆ ಆಗ ಬೆಂಗಳೂರಿನ ಬಸ್ ಹತ್ತು, ನಾನು ಬೇಡ ಅನ್ನಲ್ಲ. ಗಡ್ಡವನ್ನು ಮಾತ್ರ ಇವತ್ತಿನಿಂದಲೇ ಬಿಡು. ಬೆಳೆದರೆ ಬೆಳೆಯಲಿ.

ನಾನು ಎಂತ ಮಾಡ್ತಿದ್ದೇನೆ ಅಂತ ಕೇಳಬಹುದು. ಶಿವಮೊಗ್ಗದಲ್ಲಿ ಅಡಿಕೆ ಮಂಡಿಯೊಂದರಲ್ಲಿ ಕೆಲಸ. ದಿನಕ್ಕೆ ನಲವತ್ತು ಫೋನು, ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಅಂತ ಒಂದೊಂದು ಬಗೆಯ ಅಡಿಕೆಯ ದರ ಹೇಳುವುದೇ ಕೆಲಸ. ವರ್ಷಕ್ಕೊಂದು ನಾಟಕ ಮಾಡುತ್ತೇನೆ. ಹೋದ ವರ್ಷ ಪೊಲೀಸ್ ಪೇದೆ, ನಾಲ್ಕು ಮಾತು.

ಬರೆಯುವುದು ಮರೆತಿದ್ದೆ, ದುಡ್ಡಿನ ವಿಷಯ. ನೀನು ಮಾಡಿದ್ದು 2018ರಿಂದ 2022 ಅಂದೆಯಲ್ಲ. 2017ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ಸೇರಿಸಿದ ನಿಯಮದ ಪ್ರಕಾರ, ಮಕ್ಕಳನ್ನು ಸೀರಿಯಲ್‌ಗೆ ಹಾಕಿಕೊಳ್ಳಲು ಜಿಲ್ಲಾಧಿಕಾರಿ ಕಡೆಯಿಂದ ಅನುಮತಿ ಬೇಕು, ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವ ಹಾಗಿಲ್ಲ. ಸಂಭಾವನೆಯಲ್ಲಿ ಕನಿಷ್ಠ 20 ಪರ್ಸೆಂಟ್ ಸೀದಾ ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಆಗಬೇಕು. 18 ತುಂಬಿದ ಮೇಲೆ ಅದು ನಿನ್ನದು. ಎಫ್‌ಡಿ ಮಾಡಿದ್ದಾರಾ, ಯಾವ ಬ್ಯಾಂಕು ಅಂತ ಈ ಭಾನುವಾರ ಮನೆಯಲ್ಲಿ ಕೇಳು. ಜಗಳಕ್ಕೆ ನಿಂತವನ ಹಾಗೆ ಕೇಳಬೇಡ, ಊಟ ಆದ ಮೇಲೆ ಕೇಳು.

ನನ್ನ ಕಾಲಕ್ಕೆ ಇದೆಲ್ಲ ಇರಲಿಲ್ಲ. ನನ್ನ ದುಡ್ಡಿನಲ್ಲಿ ಅಪ್ಪಯ್ಯ ತೋಟಕ್ಕೆ ಪಂಪ್‌ಸೆಟ್ ಹಾಕಿಸಿದರು. ಎರಡು ಸಲ ಕಾಯಿಲ್ ಕಟ್ಟಿಸಿದ್ದೇವೆ, ಇನ್ನೂ ಓಡುತ್ತಿದೆ. ಮನೆಯಲ್ಲಿ ಅದಕ್ಕೆ ಚಿಂಟು ಅಂತಲೇ ಹೆಸರು. 'ಕರೆಂಟ್ ಬಂತು, ಚಿಂಟುನ ಹಾಕಿ ಬಾರೋ' ಅನ್ನುತ್ತಾರೆ ಅಮ್ಮ.