ದಾವಣಗೆರೆಯ ವಸತಿ ಯೋಜನೆಗಳು ಕೆಲಸ ಮಾಡಿವೆಯಾ ಎಂದು ತಿಳಿಯುವುದು ಹೇಗೆ?

ನಗರದ ವಸತಿ ಯೋಜನೆಗಳು ಜನರಿಗೆ ಮುಟ್ಟಿವೆಯಾ, ಮುಂದೆ ಏನು ಬದಲಾಗಬೇಕು ಎಂದು ಕೇಳಿದ್ದೀರಿ. ನಾನು ದಾವಣಗೆರೆ ಹಳೇ ಊರಿನವನು. ನಮ್ಮ ಓಣಿಯವರಿಗೆ ಮನೆ ಅರ್ಜಿ ತುಂಬಿಕೊಡುತ್ತಾ ಬಂದಿದ್ದೇನೆ. ಇಷ್ಟು ಮನೆ ಮಂಜೂರಾಯಿತು ಎಂಬ ಲೆಕ್ಕದಿಂದ ಶುರು ಮಾಡಿದರೆ ದಾರಿ ತಪ್ಪುತ್ತೀರಿ. ಪಟ್ಟಿಯಲ್ಲಿ ಹೆಸರಿರುವವರು ಈಗ ಎಲ್ಲಿ ವಾಸವಾಗಿದ್ದಾರೆ? ಅದನ್ನು ಮೊದಲು ನೋಡಬೇಕು.

ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವವರಿಗೆ ದುಡ್ಡು ಒಟ್ಟಿಗೆ ಬರುವುದಿಲ್ಲ. ತಳಪಾಯ, ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ತೊಲೆ), ಛಾವಣಿ, ಆಮೇಲೆ ಪೂರ್ಣ. ಒಂದೊಂದು ಹಂತಕ್ಕೂ ಜಿಪಿಎಸ್ ಫೋಟೊ ಆಗಬೇಕು, ಆಮೇಲೆ ಬಿಲ್. ಬಿಲ್ ತಡವಾದರೆ ಮೇಸ್ತ್ರಿ ಬೇರೆ ಕೆಲಸ ಹಿಡಿದು ಹೋಗುತ್ತಾನೆ. ಲಿಂಟಲ್‌ಗೆ ನಿಂತ ಗೋಡೆಗಳು ಮಳೆಯಲ್ಲಿ ನೆನೆಯುತ್ತವೆ. ಮನೆಯವರು ಅತ್ತ ಬಾಡಿಗೆಯನ್ನೂ ಕಟ್ಟಬೇಕು, ಇತ್ತ ಸಂಘದ ಸಾಲದ ಕಂತನ್ನೂ ಕಟ್ಟಬೇಕು. ಕಾಗದದಲ್ಲಿ ಇದು 'ಪ್ರಗತಿಯಲ್ಲಿದೆ' ಎಂದಿರುತ್ತದೆ. ಹಾಗಾಗಿ ಯಾವ ಹಂತದಲ್ಲಿ ಎಷ್ಟು ಮನೆ ಎಷ್ಟು ದಿನದಿಂದ ನಿಂತಿವೆ ಎಂಬ ಲೆಕ್ಕವೇ ನನಗೆ ಎಲ್ಲಕ್ಕಿಂತ ಮುಖ್ಯ.

ಇದಕ್ಕೆ ಮೊತ್ತವೂ ಒಂದು ಕಾರಣ. ಪ್ರಧಾನ ಮಂತ್ರಿ ಆವಾಸ್ ಯೋಜನೆ ನಗರಗಳಿಗೆ 2015ರಲ್ಲಿ ಬಂದಾಗ ಇಂಥ ಮನೆಗೆ ಕೇಂದ್ರದ ಪಾಲು 1.5 ಲಕ್ಷ ರೂಪಾಯಿ. 2024ರಲ್ಲಿ ಎರಡನೇ ಹಂತ ಬಂತು. ನಮ್ಮ ರಾಜ್ಯಕ್ಕೆ ಆಗಲೂ ಅದೇ 1.5 ಲಕ್ಷ. ರಾಜ್ಯದ ಪಾಲು ಬೇರೆ ಇದೆ, ನಿಜ. ಆದರೆ ಈ ನಡುವೆ ಕಬ್ಬಿಣ, ಸಿಮೆಂಟು, ಮರಳು, ಕೂಲಿ ಯಾವುದು ನಿಂತಲ್ಲೇ ನಿಂತಿದೆ ಹೇಳಿ? ವರ್ಷದ ಆದಾಯದ ಮಿತಿಯೂ ಅದೇ 3 ಲಕ್ಷ. ಯೋಜನೆ ಪರಿಷ್ಕರಿಸುವುದು ಅಂದರೆ ಮೊದಲು ಈ ಅಂಕಿಗಳನ್ನು ಬೆಲೆಗೆ ತಕ್ಕಂತೆ ಏರಿಸುವುದು. ಹೆಸರು ಬದಲಾಯಿಸಿದರೆ ಸಾಲದು.

ಇನ್ನು ಬಾಡಿಗೆಯವರ ವಿಷಯ. 2012ರಲ್ಲಿ ಕೇಂದ್ರದ ತಾಂತ್ರಿಕ ತಂಡವೊಂದು ದೇಶದ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆ ಇದೆ ಎಂದು ಲೆಕ್ಕ ಹಾಕಿತ್ತು. ಅದರಲ್ಲಿ ಸೂರೇ ಇಲ್ಲದವರ ಪಾಲು 5 ಲಕ್ಷದ ಆಸುಪಾಸು. ಸುಮಾರು 1.5 ಕೋಟಿ ಬರೀ ಇಕ್ಕಟ್ಟಿನ ಲೆಕ್ಕ. ಮದುವೆಯಾದ ಮಗ, ಸೊಸೆ, ಅಪ್ಪ, ಅಮ್ಮ ಎಲ್ಲರೂ ಒಂದೇ ಕೋಣೆಯಲ್ಲಿ. 2011ರ ಜನಗಣತಿಯಲ್ಲಿ ಇದೇ ನಗರಗಳಲ್ಲಿ 1.1 ಕೋಟಿ ಮನೆ ಖಾಲಿ ಇದ್ದವು! ನಮ್ಮಲ್ಲಿ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರು, ಎಪಿಎಂಸಿ ಹಮಾಲರು ಕೆಲಸಕ್ಕೆ ನಡೆದು ಹೋಗುವ ದೂರದಲ್ಲೇ ಮನೆ ಹುಡುಕುತ್ತಾರೆ. ಊರಾಚೆ ಮನೆ ಕೊಟ್ಟರೆ ಆಟೋಗೇ ಕೂಲಿಯಲ್ಲಿ ಒಂದು ಪಾಲು ಹೋಗುತ್ತದೆ. ಕೊನೆಗೆ ಅದನ್ನು ಬೇರೆಯವರಿಗೆ ಬಾಡಿಗೆಗೋ ಭೋಗ್ಯಕ್ಕೋ ಕೊಟ್ಟು ಹಳೇ ಊರಿಗೆ ವಾಪಸ್ ಬರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಜಾಗ ಆರಿಸಿದವರದ್ದೇ ತಪ್ಪು. ಆವಾಸ್ ಯೋಜನೆಯ ಎರಡನೇ ಹಂತದಲ್ಲಿ ಕಡಿಮೆ ಬಾಡಿಗೆಯ ಮನೆಗಳಿಗೂ ಅವಕಾಶ ಇದೆ. ಮಹಾನಗರ ಪಾಲಿಕೆ, ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ), ಕೊಳಗೇರಿ ಅಭಿವೃದ್ಧಿ ಮಂಡಳಿ ಮೂರೂ ಕೂತು ನಗರದೊಳಗಿನ ಸರ್ಕಾರಿ ಜಾಗ ಗುರುತಿಸಿದರೆ ಇಲ್ಲೂ ಮಾಡಬಹುದು.

ಹಕ್ಕುಪತ್ರದ ಮಾತು ಹೇಳಲೇಬೇಕು. ಜಾಗದ ದಾಖಲೆ ಇಲ್ಲದಿದ್ದರೆ ಸ್ವಂತ ಮನೆಯ ಅರ್ಜಿ ಮೇಜು ದಾಟುವುದಿಲ್ಲ. ದಾಖಲೆ ಇಲ್ಲದವರೇ ಜಾಸ್ತಿ ಬಡವರು, ಅಲ್ವಾ? ಅದಕ್ಕೆ ತಿರಸ್ಕಾರವಾದ ಅರ್ಜಿಗಳ ಪಟ್ಟಿಯನ್ನೂ ಕಾರಣದ ಸಮೇತ ಕೇಳಿ.

ಕೇಳುವುದು ಕಷ್ಟವಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಹಾಗಾಗಿ ಫಲಾನುಭವಿಗಳ ಪಟ್ಟಿಗೆ ಒಂದು, ನಿಂತ ಬಿಲ್‌ಗಳಿಗೆ ಒಂದು, ತಿರಸ್ಕಾರಕ್ಕೆ ಒಂದು ಎಂದು ಬೇರೆ ಬೇರೆ ಹಾಕಿ. ಪಟ್ಟಿ ಬಂದ ಮೇಲೆ ಇಡೀ ಊರು ಸುತ್ತಬೇಕಿಲ್ಲ, ನಿಮ್ಮ ವಾರ್ಡು ಸಾಕು. ಸಂಜೆ ಹೊತ್ತಿಗೇ ಹೋಗಿ. ಹಗಲು ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ, ಬೀಗ ನೋಡಿ ಖಾಲಿ ಮನೆ ಎಂದು ಸುಮ್ನೆ ಬರೆದುಕೊಂಡು ಬಂದುಬಿಡುತ್ತೀರಿ.