ಮಳೆಗಾಲ, ಟೇಬಲ್‌ಟಾಪ್ ರನ್‌ವೇ ಮತ್ತು ಬಲಗಡೆ ಸೀಟು

ಹೊಸದಾಗಿ ಕೋ-ಪೈಲಟ್ ಆಗಿದ್ದೀರಿ, ಮಂಗಳೂರಿನಂಥ ಟೇಬಲ್‌ಟಾಪ್ (ಗುಡ್ಡದ ನೆತ್ತಿಯ ಮೇಲಿನ, ಕೊನೆಯಾಚೆ ಇಳಿಜಾರಿರುವ) ರನ್‌ವೇಗೆ ಮಳೆಯಲ್ಲಿ ಚೆನ್ನಾಗಿ ಇಳಿಸಲು ಯಾವ ಕೌಶಲ ಬೇಕು ಅಂತ ಕೇಳಿದ್ದೀರಿ. ನಾನೂ ಬಲಗಡೆ ಸೀಟಿನಲ್ಲಿ, ಅಂದರೆ ಕೋ-ಪೈಲಟ್ ಆಗಿ ಕೂತಿದ್ದಾಗ ಇದನ್ನೇ ಯೋಚಿಸುತ್ತಿದ್ದೆ.

ಜುಲೈ ತಿಂಗಳ ಸಂಜೆ, ಪಶ್ಚಿಮ ಕರಾವಳಿಯ ಒಂದು ನಿಲ್ದಾಣ, ಬೋಯಿಂಗ್ 737. ವೈಪರ್ ಜೋರಾಗಿ ಓಡುತ್ತಿದ್ದರೂ ಗಾಜಿನ ಮೇಲೆ ನೀರು ಸುರಿಯುವುದು ನಿಲ್ಲುತ್ತಲೇ ಇರಲಿಲ್ಲ. ಹಾರಿಸುತ್ತಿದ್ದವರು ಕ್ಯಾಪ್ಟನ್. ಇನ್‌ಸ್ಟ್ರುಮೆಂಟ್ ನೋಡಿ ಹೇಳುವ ಕೆಲಸ ನನ್ನದು. 1000 ಅಡಿ ದಾಟುವಾಗ ಗ್ಲೈಡ್ ಸ್ಲೋಪ್ (ಇಳಿಯಬೇಕಾದ ಇಳಿಜಾರು ದಾರಿ ತೋರಿಸುವ) ಗುರುತು ಕೆಳಗಿತ್ತು, ಅಂದರೆ ನಾವು ಇರಬೇಕಾದ್ದಕ್ಕಿಂತ ಮೇಲಿದ್ದೆವು. ವೇಗ ಜಾಸ್ತಿ ಇತ್ತು. ನಿಮಿಷಕ್ಕೆ 750 ಅಡಿ ಇಳಿಯಬೇಕಾದ ಕಡೆ 1200 ಇಳಿಯುತ್ತಿದ್ದೆವು. ಅಷ್ಟರಲ್ಲಿ ಮೋಡ ಸರಿದು ರನ್‌ವೇ ದೀಪಗಳು ಕಂಡವು. ಕ್ಯಾಪ್ಟನ್ "ಕಾಣ್ತಿದೆ, ಇಳಿಸ್ತೀನಿ" ಅಂದರು.

ನಾನು "ಸರ್, ಸ್ವಲ್ಪ ಹೈ ಇದ್ದೀವಿ" ಅಂದೆ. ಅವರು ತಲೆಯಾಡಿಸಿದರು. ನಾನು ಸುಮ್ಮನಾದೆ.

ನಡೆದ ತಪ್ಪು ಅದೇ. ಅದನ್ನು ಸರಿಯಾಗಿ ಬಿಡಿಸಿ ಹೇಳಬೇಕು. ನಿಯಮ ನನಗೆ ಬಾಯಿಪಾಠ ಇತ್ತು. ಮೋಡದಲ್ಲಿ 1000 ಅಡಿ, ಎಲ್ಲ ಕಾಣುತ್ತಿದ್ದರೆ 500 ಅಡಿ. ಆ ಹೊತ್ತಿಗೆ ವೇಗ, ದಾರಿ, ಇಳಿಯುವ ದರ, ಎಂಜಿನ್ ಶಕ್ತಿ ಎಲ್ಲ ಸರಿ ಇರಬೇಕು, ಇದನ್ನೇ ಸ್ಟೇಬಲ್ ಅನ್ನುವುದು. ಒಂದು ತಪ್ಪಿದರೂ ಗೋ-ಅರೌಂಡ್, ಅಂದರೆ ಇಳಿಸದೆ ಮತ್ತೆ ಮೇಲೇರುವುದು. ನಾನು ಕಂಡದ್ದನ್ನು ಹೇಳಿದೆ, ಮಾಡಬೇಕಾದ್ದನ್ನು ಹೇಳಲಿಲ್ಲ. ಅವರು ಹಿರಿಯರು, ಆ ನಿಲ್ದಾಣಕ್ಕೆ ನನಗಿಂತ ಎಷ್ಟೋ ಜಾಸ್ತಿ ಸಲ ಇಳಿಸಿದವರು, ಅವರಿಗೇ ಗೊತ್ತಿರುತ್ತದೆ ಅಂದುಕೊಂಡೆ. ರನ್‌ವೇ ಕಂಡಿದ್ದೇ ತಡ, ಇಬ್ಬರ ಕಣ್ಣೂ ಹೊರಗೆ ನೆಟ್ಟವು. ಒಳಗಿನ ಅಂಕಿ ನೋಡಲು ಯಾರೂ ಉಳಿಯಲಿಲ್ಲ.

ರನ್‌ವೇ ಅಂಚನ್ನು 50 ಅಡಿಯಲ್ಲಿ ದಾಟಬೇಕು. ನಾವು ಅದರ ಎರಡರಷ್ಟು ಮೇಲಿದ್ದೆವು. ಮೂರು ಡಿಗ್ರಿ ಇಳಿಜಾರಿನಲ್ಲಿ ಆ 50 ಅಡಿಯ ಹೆಚ್ಚುವರಿಯೇ ಸುಮಾರು 300 ಮೀಟರ್ ರನ್‌ವೇ ನುಂಗುತ್ತದೆ. ಜಾಸ್ತಿ ವೇಗಕ್ಕೆ ವಿಮಾನ ತೇಲುತ್ತಾ ಇನ್ನಷ್ಟು ತಿಂದಿತು. ಚಕ್ರ ತಾಗಿದ ಮೇಲೆ ಬ್ರೇಕ್ ಒತ್ತಿದರೂ ಹಿಡಿತ ಇಲ್ಲ. ಟೈರ್ ಒತ್ತಡ 200 ಪಿಎಸ್‌ಐ ಇದ್ದರೆ ಸುಮಾರು 127 ನಾಟ್‌ಗಿಂತ (ಗಂಟೆಗೆ ಸುಮಾರು 235 ಕಿ.ಮೀ.) ಮೇಲೆ, ನಿಂತ ನೀರಿನಲ್ಲಿ ಟೈರ್ ನೀರಿನ ಮೇಲೇ ಜಾರುತ್ತದೆ. ರನ್‌ವೇ ಕೊನೆಯ ಕೆಂಪು ದೀಪಗಳು ಮೂಗಿನ ಕೆಳಗೆ ಮರೆಯಾಗುವ ಹೊತ್ತಿಗೆ ನಿಂತೆವು. ಯಾರಿಗೂ ಏನೂ ಆಗಲಿಲ್ಲ. ರೆಕಾರ್ಡರ್ ಡೇಟಾ ಎಲ್ಲವನ್ನೂ ಹೇಳಿತು. ಇಬ್ಬರನ್ನೂ ಹಾರಾಟದಿಂದ ಇಳಿಸಿದರು, ನನ್ನ ಕ್ಯಾಪ್ಟನ್ ತರಬೇತಿ ತುಂಬ ಮುಂದಕ್ಕೆ ಹೋಯಿತು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೆಟ್ಟ ಅಪ್ರೋಚನ್ನು (ರನ್‌ವೇ ಕಡೆಗೆ ಇಳಿದು ಬರುವುದನ್ನು) ಒಳ್ಳೆಯ ಲ್ಯಾಂಡಿಂಗ್ ಮಾಡುವ ಕೌಶಲ ಬೇಡವೇ ಬೇಡ. ಮಂಗಳೂರಿನಲ್ಲಿ 2010ರ ಮೇ 22ರಂದು ಆದದ್ದನ್ನು ಓದಿ. ಅವತ್ತು ಹವಾಮಾನ ಚೆನ್ನಾಗೇ ಇತ್ತು. ವಿಮಾನ ತುಂಬ ಎತ್ತರದಲ್ಲಿ ಬಂತು, ಕೋ-ಪೈಲಟ್ ಮತ್ತೆ ಮತ್ತೆ ಗೋ-ಅರೌಂಡ್ ಅಂದರು, ಆದರೂ 8,033 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ಆದ ಮೇಲೆ ಚಕ್ರ ತಾಗಿತು. ರಿವರ್ಸ್ (ನಿಲ್ಲಿಸಲು ಎಂಜಿನ್ ಶಕ್ತಿಯನ್ನು ಮುಂದಕ್ಕೆ ತಿರುಗಿಸುವ ಲಿವರ್) ಎಳೆದ ಮೇಲೆ ಮತ್ತೆ ಏರಲು ನೋಡಿದರು. 158 ಜನ ಸತ್ತರು, ಎಂಟು ಜನ ಉಳಿದರು. ಕೋಯಿಕ್ಕೋಡ್‌ನಲ್ಲಿ 2020ರ ಆಗಸ್ಟ್ 7ರಂದು ಜೋರು ಮಳೆ, ಹಿಂಗಾಳಿ, ಅಲ್ಲೂ ರನ್‌ವೇಯ ಅರ್ಧದ ಹತ್ತಿರ ಚಕ್ರ ತಾಗಿತು. 21 ಜನ ಹೋದರು. ಅಲ್ಲೂ ಕೋ-ಪೈಲಟ್ ಗೋ-ಅರೌಂಡ್ ಅಂದಿದ್ದರು.

ಈ ಎರಡನ್ನೂ ಓದಿದಾಗ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಆ ಕೋ-ಪೈಲಟ್‌ಗಳು ಬಾಯಿ ಬಿಟ್ಟು ಹೇಳಿದರು, ನಾನು ಅಷ್ಟೂ ಹೇಳಲಿಲ್ಲ. ಕೂಗಿದರೂ ಕೇಳದ ಕ್ಯಾಪ್ಟನ್ ಸಿಗಬಹುದು, ಅಲ್ವಾ? ಹಾಗಾಗಿ ಮಾತು ಕೆಳಗೆ ಬಂದ ಮೇಲಲ್ಲ, ಮೇಲಿದ್ದಾಗಲೇ ಆಗಬೇಕು. ಇಳಿಯಲು ಶುರು ಮಾಡುವ ಮುಂಚಿನ ಬ್ರೀಫಿಂಗ್‌ನಲ್ಲಿ ನೇರವಾಗಿ ಹೇಳಿ: "1000 ಅಡಿಯಲ್ಲಿ ಸ್ಟೇಬಲ್ ಇಲ್ಲದಿದ್ದರೆ ನಾನು ಗೋ-ಅರೌಂಡ್ ಅಂತೀನಿ ಸರ್, ನೀವು ಮೇಲೇರಿಸಿ." ಆಗ ಅದು ಯಾರಿಗೂ ಅವಮಾನ ಅನಿಸುವುದಿಲ್ಲ. ನನ್ನ ಅನುಭವದಲ್ಲಿ ಒಳ್ಳೆಯ ಕ್ಯಾಪ್ಟನ್‌ಗಳು ಇದಕ್ಕೆ ಖುಷಿಪಡುತ್ತಾರೆ.

ಇಂಧನದ ವಿಷಯದಲ್ಲಿ ಜಿಪುಣತನ ಬೇಡ. ಕರಾವಳಿಯ ಮಳೆಗಾಲದಲ್ಲಿ ಸ್ವಲ್ಪ ಹೊತ್ತು ಮೇಲೆ ಸುತ್ತಿ, ಆಮೇಲೂ ಬೆಂಗಳೂರಿಗೆ ಹೋಗುವಷ್ಟು ಇದ್ದರೆ "ಇಳಿಸಲೇಬೇಕು" ಅನ್ನುವ ಒತ್ತಡವೇ ಬರುವುದಿಲ್ಲ. ಹಿಂಗಾಳಿ ಇದ್ದರೆ ಎದುರು ದಿಕ್ಕಿನ ರನ್‌ವೇ ಕೇಳಿ. 140 ನಾಟ್ ಅಪ್ರೋಚ್‌ನಲ್ಲಿ 14 ನಾಟ್ ಹಿಂಗಾಳಿ ಅಂದರೆ ನಿಲ್ಲಲು ಬೇಕಾದ ದೂರ ಸುಮಾರು ಐದನೇ ಒಂದು ಭಾಗ ಜಾಸ್ತಿ, ಅದೂ ಒಣ ರನ್‌ವೇ ಲೆಕ್ಕ. 737ರಲ್ಲಿ ಸಾಮಾನ್ಯ ಮಿತಿಯೇ 10 ನಾಟ್.

ಇನ್ನೊಂದು ಮಾತು. ಸಿಮ್ಯುಲೇಟರ್‌ನಲ್ಲಿ ನಮಗೆಲ್ಲ ಒಂದೇ ಎಂಜಿನ್‌ನ ಗೋ-ಅರೌಂಡ್ ಅಭ್ಯಾಸ ಜಾಸ್ತಿ. ನಿಜವಾಗಿ ಬರುವುದು ಎರಡೂ ಎಂಜಿನ್ ಇದ್ದಾಗ, 700 ಅಡಿಯಲ್ಲಿ, ಹಗುರ ವಿಮಾನದಲ್ಲಿ. ಆಗ ಅದು ಎಷ್ಟು ಬೇಗ ಮೇಲೇರುತ್ತದೆ ಅಂದರೆ ರೆಕ್ಕೆಯ ಫ್ಲ್ಯಾಪ್, ಚಕ್ರದ ಗೇರ್ ಮಡಚಿ ಮುಗಿಸುವಷ್ಟರಲ್ಲಿ ಏರುವುದನ್ನು ನಿಲ್ಲಿಸಬೇಕಾದ ಎತ್ತರ ಬಂದೇಬಿಡುತ್ತದೆ. ಮುಂದಿನ ಸೆಷನ್‌ನಲ್ಲಿ ಇನ್‌ಸ್ಟ್ರಕ್ಟರ್ ಹತ್ತಿರ ಇದನ್ನೇ ಕೇಳಿ ಮಾಡಿಸಿಕೊಳ್ಳಿ, ಜೂನ್ ಶುರುವಾಗುವ ಮುಂಚೆ.